ಸುಮ್ಮನಾದವನ ಮೇಲೂ ಒಂದು ಕಣ್ಣಿರಲಿ

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಒಬ್ಬ ತನ್ನಷ್ಟಕ್ಕೆ ತಾನೇ ಮಾತಾಡ್ತಾ ನಿಂತರೆ ಸಾಕು, ಜನ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾರೆ. ‘ಹುಚ್ಚ ಕಣ್ರೀ, ಹೊಡೆದುಬಿಟ್ಟಾನು’ ಅಂತ ಪಿಸುಗುಡುತ್ತಾರೆ. ವೈದ್ಯರು ಹೇಳೋದೇ ಬೇರೆ. ಸ್ಕಿಜೋಫ್ರೇನಿಯಾ ಎಂಬ ಈ ಕಾಯಿಲೆಯಿಂದ ಬೇರೆಯವರಿಗಿಂತ ಅವನ ಜೀವಕ್ಕೇ ಅಪಾಯ ಹೆಚ್ಚು.

ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದರೆ, ಈ ಕಾಯಿಲೆಯವರಲ್ಲಿ ಸುಮಾರು 20ಕ್ಕೆ ಒಬ್ಬರು ಆತ್ಮಹತ್ಯೆಯಿಂದ ಸಾಯುತ್ತಾರೆ. ಕಾಯಿಲೆ ಶುರುವಾದ ಮೊದಲ ಕೆಲವು ವರ್ಷ ಅಪಾಯ ಜಾಸ್ತಿ. ಇನ್ನೊಂದು ಗಂಡಾಂತರದ ಕಾಲವೂ ಉಂಟು: ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು. ಕೂಗಾಟ ನಿಂತಿದೆ, ಹುಡುಗ ಸುಮ್ಮನಿದ್ದಾನೆ, ‘ಅಬ್ಬ, ವಾಸಿಯಾಯ್ತು’ ಅಂತ ಮನೆಯವರು ನೆಮ್ಮದಿಯ ಉಸಿರು ಬಿಡ್ತಾರೆ. ಅವನಿಗೋ ಆಗಲೇ ತಿಳಿವು ಬಂದಿರುತ್ತೆ. ಓದು ನಿಂತಿತು, ಕೆಲಸ ಹೋಯ್ತು, ಸ್ನೇಹಿತರು ದೂರವಾದರು, ಬೀದಿಯವರು ಹೆಸರಿಟ್ಟರು. ಈ ಲೆಕ್ಕವನ್ನು ಅವನು ಒಬ್ಬನೇ ಕೂತು ಹಾಕ್ತಾನೆ. ನಡುವೆ ಮಾತ್ರೆ ಬಿಟ್ಟರಂತೂ ಬೈಯುವ ದನಿಗಳು ಮತ್ತೆ ಕಿವಿಗೆ ಬೀಳಬಹುದು.

ಇದಕ್ಕೆ ದಾರಿ ಇಲ್ಲವೆ? ಇದೆ. ನಿಮ್ಹಾನ್ಸ್ ವೈದ್ಯರು 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇಂಥ ರೋಗಿಗಳನ್ನು ಹುಡುಕಿ, ಅವರಿದ್ದ ಕಡೆಯೇ ಚಿಕಿತ್ಸೆ ಕೊಟ್ಟರು. ಮಾತ್ರೆ ತಪ್ಪದೆ ನುಂಗಿದವರ ಬಾಳು ಸುಧಾರಿಸಿದ್ದು ಕಂಡುಬಂತು. ಮಲೆನಾಡಿನ ಮೂಲೆಯಲ್ಲಿ ಆದದ್ದು ರಾಜಧಾನಿಯ ಮಗ್ಗುಲಲ್ಲಿ ಆಗಬಾರದೆ? ಯಲಹಂಕದ ತಾಯಿಯೊಬ್ಬಳು ತಿಂಗಳ ಮಾತ್ರೆಗಾಗಿ ಇಡೀ ಊರು ದಾಟಿ ಹೊಸೂರು ರಸ್ತೆಗೆ ಹೋಗಬೇಕಾದರೆ, ಒಂದು ದಿನದ ಕೂಲಿ ಖೋತಾ. ಮುಂದಿನ ತಿಂಗಳು ಆಕೆ ಹೋಗದೇ ಇರಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಸೇವೆಗೆಂದು ಸರ್ಕಾರ ‘ಮನೋಚೈತನ್ಯ’ ಯೋಜನೆ ತಂದಿತು. ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲೂ ಡಾಕ್ಟರು ವಾರ ತಪ್ಪದೆ ಕೂರಬೇಕು, ಮಾತ್ರೆ ದಾಸ್ತಾನು ಮುಗಿಯಬಾರದು. ನಮ್ಮ ಶಾಸಕರು, ಅಧಿಕಾರಿಗಳು ನೋಡಿಕೊಳ್ಳಲಿ.

ಅಂಗಡಿ ಸ್ವಾಮಿಗಳಿಗೂ ಒಂದು ಮಾತು. ಯಶವಂತಪುರದ ಮಂಡಿ ಇರಲಿ, ಆರ್.ಟಿ. ನಗರದ ಪುಟ್ಟ ಜೆರಾಕ್ಸ್ ಅಂಗಡಿ ಇರಲಿ, ಚೇತರಿಸಿಕೊಂಡ ಹುಡುಗನಿಗೆ ಎರಡು ಗಂಟೆ ಕೆಲಸ ಕೊಡಿ. ‘ಮಾತ್ರೆ ತಗೊಂಡ್ಯೇನಪ್ಪಾ, ಊಟ ಆಯ್ತಾ’ ಅಂತ ವಿಚಾರಿಸಿ. ಹುಚ್ಚ ಅನ್ನಬೇಡಿ.

ಮನೆಯವರೇ, ಮಾತ್ರೆ ಡಬ್ಬಿ ನಿಮ್ಮ ಕೈಯಲ್ಲಿರಲಿ. ‘ಬದುಕೋದು ಬೇಡ ಅನಿಸ್ತಿದೆಯಾ’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡದೆ ತಕ್ಷಣ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪೊಲೀಸು, ಕೇಸು ಅಂತ ಹೆದರಿ ಮುಚ್ಚಿಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರಿಗೆ ಸರ್ಕಾರವೇ ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

20ರಲ್ಲಿ ಆ ಒಬ್ಬನೂ ಯಾರದೋ ಮನೆಯ ಮಗ. ಅವನೂ ಉಳಿಯಲಿ.