ಅಹಿಂಸೆಯ ಹೆಸರಿನಲ್ಲಿ ಪ್ರಮಾದ

ವಂಶವಾಹಿ ಆಧಾರಿತ ಲಸಿಕೆಗಳ ಬಗ್ಗೆ ಶ್ರಾವಕರ ಮನೆಗಳಲ್ಲಿ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಇವು ಮನುಷ್ಯನ ವಂಶವಾಹಿಯನ್ನೇ ಬದಲಿಸುತ್ತವೆ ಎಂಬುದು ಒಂದು. ಇವುಗಳ ತಯಾರಿಕೆಯಲ್ಲಿ ಹಿಂಸೆಯಿದೆ, ಆದುದರಿಂದ ವ್ರತಧಾರಿಗೆ ವರ್ಜ್ಯವೆಂಬುದು ಇನ್ನೊಂದು. ಮೊದಲನೆಯದು ತಿಳಿಯದೆ ಆಡುವ ಮಾತು. ಎರಡನೆಯದರಲ್ಲಿ ಸತ್ಯಾಂಶವಿದೆ, ಆದರೆ ಹಾಗೆನ್ನುವವರು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

ಈ ಲಸಿಕೆಗಳಲ್ಲಿ ರೋಗ ತರುವ ವೈರಾಣುವೇ ಇರುವುದಿಲ್ಲ. ಅದರ ಹೊರಮೈಯ ಒಂದು ಪ್ರೋಟೀನನ್ನು ತಯಾರಿಸುವ ಸೂಚನೆ ಮಾತ್ರ ಇರುತ್ತದೆ. ಎಂಆರ್‌ಎನ್‌ಎ ಲಸಿಕೆಯಲ್ಲಿ ಆ ಸೂಚನೆಯನ್ನು ಕೊಬ್ಬಿನ ಅತಿಸೂಕ್ಷ್ಮ ಕಣದೊಳಗಿಟ್ಟು ಕಳುಹಿಸುತ್ತಾರೆ. ಜೀವಕೋಶವು ಅದನ್ನು ಓದಿ ಪ್ರೋಟೀನನ್ನು ತಯಾರಿಸುತ್ತದೆ. ದೇಹವು ಅದನ್ನು ಪರಕೀಯವೆಂದು ಗುರುತಿಸಿ ಪ್ರತಿರೋಧವನ್ನು ಕಲಿಯುತ್ತದೆ. ಇದು ಹುಂಡಿಯಿದ್ದಂತೆ. ಹುಂಡಿ ತಂದವನಿಗೆ ಹಣ ಸಂದಾಯವಾಗುತ್ತದೆ. ಆದರೆ ಅವನು ಪೇಢಿಯ ಖಾತೆಪುಸ್ತಕವನ್ನು ತಿದ್ದಲಾರ. ಎಂಆರ್‌ಎನ್‌ಎ ಕೋಶಕೇಂದ್ರವನ್ನು ಪ್ರವೇಶಿಸುವುದಿಲ್ಲ. ಕೆಲಸ ಮುಗಿದ ಮೇಲೆ ಕರಗಿಹೋಗುತ್ತದೆ. ಡಿಎನ್‌ಎ ಲಸಿಕೆಯ ಪ್ಲಾಸ್ಮಿಡ್ ಕೋಶಕೇಂದ್ರವನ್ನು ಹೊಗುವುದು ನಿಜ. ಆದರೆ ಅದನ್ನು ವರ್ಣತಂತುಗಳಲ್ಲಿ ಬೆಸೆದುಕೊಳ್ಳುವಂತೆ ರಚಿಸಿರುವುದಿಲ್ಲ. 2021ರಲ್ಲಿ ಭಾರತದಲ್ಲಿ ಅತಿ ಹೆಚ್ಚು ಬಳಕೆಯಾದ ಕೋವಿಶೀಲ್ಡ್ ಕೂಡ ನಿರುಪದ್ರವಿಯಾಗಿಸಿದ ಬೇರೊಂದು ವೈರಾಣುವಿನ ಮೂಲಕ ವಂಶವಾಹಿಯ ಸೂಚನೆಯನ್ನೇ ಒಯ್ಯುವ ಲಸಿಕೆ. ಅದನ್ನು ಹಾಕಿಸಿಕೊಂಡವರೇ ಇಂದು ವಂಶವಾಹಿಯ ಭಯವನ್ನು ಹರಡುವುದು ವಿಚಿತ್ರ. ಅಪರೂಪವಾಗಿ ಹೃದಯಸ್ನಾಯುವಿನ ಉರಿಯೂತ, ರಕ್ತ ಹೆಪ್ಪುಗಟ್ಟುವಿಕೆ ಮುಂತಾದ ತೊಂದರೆಗಳು ಸಂಭವಿಸಿದ್ದುಂಟು. ಅದನ್ನು ಮರೆಮಾಚಬೇಕಾಗಿಲ್ಲ, ರೋಗದ ಹಾನಿಯೊಡನೆ ತೂಗಿ ನೋಡಬೇಕು.

ಇನ್ನು ಹಿಂಸೆಯ ಪ್ರಶ್ನೆ. ಸಿಡುಬಿನ ಲಸಿಕೆಗಾಗಿ ಒಂದು ಕಾಲದಲ್ಲಿ ಕರುಗಳ ಚರ್ಮದ ಮೇಲೆ ಹುಣ್ಣೆಬ್ಬಿಸುತ್ತಿದ್ದರು. ಹುಚ್ಚುನಾಯಿ ಕಡಿತಕ್ಕೆ ಕುರಿಯ ಮಿದುಳಿನಿಂದ ಮಾಡಿದ ಲಸಿಕೆ ಭಾರತದಲ್ಲಿ ಈ ಶತಮಾನದ ಆರಂಭದವರೆಗೂ ಬಳಕೆಯಲ್ಲಿತ್ತು. ಇನ್‌ಫ್ಲುಯೆಂಜಾ ಲಸಿಕೆಯ ಬಹುಭಾಗ ಇಂದಿಗೂ ಕೋಳಿಮೊಟ್ಟೆಯಲ್ಲಿ ಬೆಳೆಯುತ್ತದೆ. ಎಂಆರ್‌ಎನ್‌ಎಯನ್ನಾದರೋ ಕಿಣ್ವಗಳ ಸಹಾಯದಿಂದ ಪಾತ್ರೆಯೊಳಗೇ ತಯಾರಿಸಬಹುದು. ಅದಕ್ಕೆ ಬೇಕಾದ ಡಿಎನ್‌ಎ ಅಚ್ಚನ್ನು ಬ್ಯಾಕ್ಟೀರಿಯಾಗಳಲ್ಲಿ ಬೆಳೆಸುತ್ತಾರೆ. ಅವನ್ನು ಏಕೇಂದ್ರಿಯವೆಂದು ಎಣಿಸಿದರೂ ಅಲ್ಲಿ ಜೀವಹಾನಿ ಇದ್ದೇ ಇದೆ. ಆದರೆ ಗೃಹಸ್ಥನ ಅಣುವ್ರತವು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಮೊದಲು ಬಿಡಿಸುತ್ತದೆ, ಸ್ಥಾವರ ಹಿಂಸೆಯನ್ನು ಮಿತಗೊಳಿಸುತ್ತದೆ. ಕರು, ಕುರಿಗಳಿಂದ ಬ್ಯಾಕ್ಟೀರಿಯಾಕ್ಕೆ ಬಂದದ್ದು ಆ ದಾರಿಯಲ್ಲಿ ಮುಂದಿಟ್ಟ ಹೆಜ್ಜೆಯೇ ಹೊರತು ಹಿಂದಿಟ್ಟದ್ದಲ್ಲ.

ಹಾಗೆಂದು ಹೊಸ ಲಸಿಕೆ ನಿರ್ದೋಷಿಯಲ್ಲ. ಪ್ರಯೋಗಗಳಲ್ಲಿ ಇಲಿ, ಕೋತಿಗಳ ಬಳಕೆ ಇದೆ. ಚುಚ್ಚುಮದ್ದುಗಳಲ್ಲಿ ಬ್ಯಾಕ್ಟೀರಿಯಾದ ವಿಷವಿಲ್ಲವೆಂದು ಖಚಿತಪಡಿಸಿಕೊಳ್ಳಲು ಹಾರ್ಸ್‌ಶೂ ಕ್ರ್ಯಾಬ್ ಎಂಬ ಕಡಲಜೀವಿಯ ನೀಲಿ ರಕ್ತವನ್ನು ಬಳಸುವ ರೂಢಿಯಿದೆ. ರಕ್ತ ತೆಗೆದು ಕಡಲಿಗೆ ಮರಳಿಸಿದರೂ ಅವುಗಳಲ್ಲಿ ಕೆಲವು ಸಾಯುತ್ತವೆ. ಆ ರಕ್ತವಿಲ್ಲದೆ, ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರೋಟೀನಿನಿಂದಲೇ ಮಾಡಬಹುದಾದ ಪರೀಕ್ಷೆಗೆ ಯುರೋಪಿನ ಔಷಧಸಂಹಿತೆ 2021ರಲ್ಲಿ ಸ್ಥಾನ ಕೊಟ್ಟಿದೆ. ಅಹಿಂಸಾವಾದಿಗಳ ಧ್ವನಿ ಏಳಬೇಕಾದ ಸ್ಥಳ ಇದು. ಲಸಿಕೆ ಬೇಡವೆಂದು ಮನೆಯ ಕದ ಹಾಕಿಕೊಂಡರೆ ಒಂದು ಇಲಿಯೂ ಉಳಿಯುವುದಿಲ್ಲ, ಒಂದು ಏಡಿಯೂ ಉಳಿಯುವುದಿಲ್ಲ.

ಬಸದಿಗಳ ಟ್ರಸ್ಟುಗಳಿಗೆ ಇಲ್ಲಿ ಸ್ಪಷ್ಟವಾದ ಕರ್ತವ್ಯವಿದೆ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಆರಂಭದ ಫೈಜರ್ ಲಸಿಕೆಗೆ ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಶೀತ ಬೇಕಿತ್ತು. ಹಳ್ಳಿಗೆ ಅದು ನಿಲುಕದ ವಸ್ತು. 2021ರ ಆಗಸ್ಟಿನಲ್ಲಿ ತುರ್ತು ಅನುಮತಿ ಪಡೆದ ಅಹಮದಾಬಾದಿನ ಝೈಕೋವ್-ಡಿ, ಮನುಷ್ಯರಿಗಾಗಿ ಒಪ್ಪಿಗೆ ಪಡೆದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ; ಸೂಜಿಯಿಲ್ಲದೆ, ಒತ್ತಡದಿಂದ ಚರ್ಮದೊಳಗೆ ಸೇರಿಸುವಂಥದು. 2022ರಲ್ಲಿ ಅನುಮತಿ ಪಡೆದ ಪುಣೆಯ ಎಂಆರ್‌ಎನ್‌ಎ ಲಸಿಕೆಯಂತೆ ಇದಕ್ಕೂ 2ರಿಂದ 8 ಡಿಗ್ರಿಯ ಸಾಮಾನ್ಯ ಶೀತಪೆಟ್ಟಿಗೆ ಸಾಕು. ಮುಂದೆ ಇಂಥ ಲಸಿಕೆಗಳು ಬೇರೆ ರೋಗಗಳಿಗೂ ಬಂದಾಗ ಆರೋಗ್ಯ ಕೇಂದ್ರಕ್ಕೆ ಶೀತಪೆಟ್ಟಿಗೆಯನ್ನೂ ಅದಕ್ಕೆ ಬೇಕಾದ ವಿದ್ಯುತ್ ವ್ಯವಸ್ಥೆಯನ್ನೂ ಕೊಡುವ ಶಕ್ತಿ ಅನೇಕ ಟ್ರಸ್ಟುಗಳಿಗಿದೆ. ಆ ದಾನದೊಡನೆಯೇ, ಪ್ರಾಣಿರಕ್ತವಿಲ್ಲದ ಪರೀಕ್ಷೆಯನ್ನು ಅನುಸರಿಸಬೇಕೆಂದು ತಯಾರಕರಿಗೂ ಸರ್ಕಾರಕ್ಕೂ ಲಿಖಿತವಾಗಿ ಒತ್ತಾಯಿಸಬೇಕು.

ಹಿಂಸೆಯ ಮೂಲ ಪ್ರಮಾದವೆಂದು ಆಗಮವನ್ನೋದಿದವರೆಲ್ಲ ಬಲ್ಲರು. ತಡೆಯಬಹುದಾದ ರೋಗವನ್ನು ತಡೆಯದೆ ಮನೆಯ ವೃದ್ಧರನ್ನು ಅದಕ್ಕೆ ಒಪ್ಪಿಸುವುದು ಪ್ರಮಾದವಲ್ಲದೆ ಮತ್ತೇನು? ಅದಕ್ಕೆ ಅಹಿಂಸೆಯೆಂಬ ಹೆಸರನ್ನಿಡುವುದು ಧರ್ಮಕ್ಕೆ ಮಾಡುವ ಅಪಚಾರ.