ಅರ್ಧ ಓದಿದ ಹತ್ತು ಸಾವಿರ, ಓದದೇ ನಂಬಿದ ಎರಡು ಸಾವಿರ

ಬೇಸಿಗೆ ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಬತ್ತಲಗುಂಡಿನ ಜಪ ಶುರು. ಹೆಂಡತಿಯ ತವರು. ತಾಳವಾಡಿಯಿಂದ ಹೊರಟು ದಿಂಬಂನ 27 ತಿರುವು ಇಳಿದು, ಸತ್ಯಮಂಗಲ, ಕೊಯಮತ್ತೂರು, ಪಳನಿ ದಾಟಿ ಹೋಗಬೇಕು. ಆ ಕಡೆ ಕಂಬಂ ಕಣಿವೆಯಿಂದ ದಿಂಡಿಗಲ್ಲಿನವರೆಗೂ ಕನ್ನಡ ಮನೆಮಾತಿನ ಕುಟುಂಬಗಳಿವೆ. ಮನೆಯೊಳಗೆ ಕನ್ನಡ, ಓದು ಬರಹ ತಮಿಳು. ವೀಳ್ಯದೆಲೆಗೆ ಹೆಸರಾದ ಊರು, ಕೊಡೈಕೆನಾಲಿಗೆ ಹತ್ತುವವರ ಹೆಬ್ಬಾಗಿಲು. ನನ್ನ ಭಾವಮೈದುನನಿಗೆ ಅಲ್ಲಿ ಒಂದು ಡೀಸೆಲ್ ಜೀಪಿತ್ತು. ಸಾಮಾನು ಹೇರಿಕೊಂಡು ಘಾಟಿ ಹತ್ತುವುದು, ತರಕಾರಿ ತುಂಬಿಕೊಂಡು ಇಳಿಯುವುದು. ಅದೇ ಅನ್ನ.

ಈ ಸಲ ಹೋದಾಗ ಜೀಪು ಗ್ಯಾರೇಜಿನಲ್ಲಿ ಹೊಟ್ಟೆ ಬಗೆಸಿಕೊಂಡು ಮಲಗಿತ್ತು. ಘಾಟಿಯ ನಡುವೆ ಎಂಜಿನ್ ಹಿಡಿದುಕೊಂಡಿತಂತೆ. ಮೆಕ್ಯಾನಿಕ್ ಸಂಪ್ ಕಳಚಿ ತೋರಿಸಿದ. ಆಯಿಲ್ ಎಲ್ಲಿದೆ? ತಳದಲ್ಲಿ ಪಾಕಕ್ಕೆ ಬಂದ ಬೆಲ್ಲದಂಥ ಕಪ್ಪು ರಾಡಿ, ಅದೂ ಇರಬೇಕಾದ್ದರ ಅರ್ಧ ಇಲ್ಲ! ರಿಪೇರಿಗೆ ಒಂದು ಸೀಸನ್ನಿನ ದುಡಿಮೆ ಪೂರ್ತಿ ಹೋಯಿತು.

“ಯಾವಾಗ ಬದಲಿಸಿದ್ದೆಯಪ್ಪಾ?” ಅಂದೆ.

“ಪುಸ್ತಕದಲ್ಲಿ ಹತ್ತು ಸಾವಿರ ಅಂತ ಇದೆ ಭಾವ. ಇನ್ನೂ ಒಂಬತ್ತೇ ಆಗಿತ್ತು!”

ಪುಸ್ತಕ ತರಿಸಿ ನೋಡಿದೆ. ಹತ್ತು ಸಾವಿರ ಇತ್ತು, ನಿಜ. ಆದರೆ ಅದರ ಕೆಳಗೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಇನ್ನೊಂದು ಸಾಲಿತ್ತು. ಬೆಟ್ಟದ ದಾರಿ, ಭಾರ, ಧೂಳು, ನಿಂತಲ್ಲೇ ಎಂಜಿನ್ ಓಡಿಸುವುದು, ಪದೇ ಪದೇ ಸಣ್ಣ ದೂರ ಹೋಗುವುದು... ಹೀಗಿದ್ದರೆ ಅರ್ಧಕ್ಕೇ ಬದಲಿಸಿ ಎಂದು. ಆ ಸಾಲನ್ನು ಅವನಿಗೆ ಯಾರೂ ಓದಿ ಹೇಳಿರಲಿಲ್ಲ.

ಅವನನ್ನು ಬೈಯುವ ಮೊದಲು ನನ್ನ ಕಥೆಯನ್ನೂ ಹೇಳಬೇಕಲ್ಲ? ನನ್ನ ಬೈಕಿಗೆ ವರ್ಷಗಳಿಂದ ಎರಡೆರಡು ಸಾವಿರಕ್ಕೆ ಆಯಿಲ್ ಬದಲಿಸುತ್ತಿದ್ದೇನೆ. ಯಾಕೆ? ಗ್ಯಾರೇಜಿನವರು ಟ್ಯಾಂಕಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಹಾಗೆ ಬರೆದಿದ್ದರು, ಅದಕ್ಕೆ. ನನ್ನ ಬೈಕಿನ ಪುಸ್ತಕ ಮೂರು ಸಾವಿರಕ್ಕೆ ಮಟ್ಟ ನೋಡಿ ತುಂಬಿಸಿ, ಆರು ಸಾವಿರಕ್ಕೆ ಬದಲಿಸಿ ಎನ್ನುತ್ತದೆ. ಪ್ಲಾಸ್ಟಿಕ್ ಕವರಿನಿಂದ ಅದನ್ನು ತೆಗೆದೇ ಇರಲಿಲ್ಲ ಈ ಮೇಷ್ಟ್ರು! ಅವನು ಅರ್ಧ ಓದಿ ಕೆಟ್ಟ. ನಾನು ಓದದೇ ದುಡ್ಡು ಸುರಿದೆ.

ಇರಲಿ, ಜಗಳದ ವಿಷಯಕ್ಕೆ ಬರುತ್ತೇನೆ. ಶಾಲೆ ಶುರುವಾದ ಮೇಲೆ ಪಾಲಕರ ಸಭೆಯಲ್ಲಿ ಈ ಮಾತು ಎತ್ತಿದೆ. ದೂರದ ಹಾಡಿಗಳಿಂದ ನಮ್ಮ ಮಕ್ಕಳನ್ನು ಕರೆತರುವ ವ್ಯಾನು ಪಾಲಕರೇ ಸೇರಿ ಗೊತ್ತು ಮಾಡಿದ್ದು. ಅದೂ ದಿನವೂ ಏರಿಳಿಯುವ, ನಿಂತು ನಿಂತು ಹೋಗುವ, ಮೂಗಿನ ತನಕ ಧೂಳು ಕುಡಿಯುವ ವಾಹನವೇ. ಅದರ ಆಯಿಲ್ ಯಾವಾಗ ಬದಲಾಗಿದೆ ಎಂದು ಕೇಳಿದೆ, ಅಷ್ಟೇ. ಒಬ್ಬರು ನಕ್ಕು, “ಮೇಷ್ಟ್ರೇ, ನೀವು ಪಾಠ ಮಾಡಿ. ಆಯಿಲ್ಲು ಮೆಕ್ಯಾನಿಕ್ ನೋಡ್ಕೋತಾನೆ. ಕನ್ನಡ ಮೀಡಿಯಂ ಮಕ್ಕಳು ಹೇಗೂ ಗ್ಯಾರೇಜಿಗೇ ಹೋಗೋದಲ್ವಾ, ಅಲ್ಲೇ ಕಲೀತಾರೆ ಬಿಡಿ!” ಅಂದರು. ಸಭೆಯೆಲ್ಲ ನಕ್ಕಿತು.

ನನಗೆ ನಗು ಬರಲಿಲ್ಲ. ಗ್ಯಾರೇಜು ಅವಮಾನದ ಜಾಗ ಎಂಬ ಮಾತೂ ತಪ್ಪು, ಆಯಿಲ್ ನಿರ್ಧಾರಕ್ಕೂ ಪಾಠಕ್ಕೂ ಸಂಬಂಧವಿಲ್ಲ ಎಂಬ ಮಾತೂ ತಪ್ಪು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ಮೂಢನಂಬಿಕೆ: “ಕಪ್ಪಾದರೆ ಕೆಟ್ಟಿತು.” ನಮ್ಮ ತರಗತಿಯ ಡಸ್ಟರ್ ನೋಡಿ. ಬೋರ್ಡು ಒರೆಸಿದಾಗ ಅದು ಬೆಳ್ಳಗಾಗುತ್ತದೆ. ಬೆಳ್ಳಗಾಯಿತೆಂದರೆ ಕೆಲಸ ಮಾಡುತ್ತಿದೆ ಎಂದರ್ಥ. ಡೀಸೆಲ್ ಎಂಜಿನ್ನಿನ ಆಯಿಲೂ ಹಾಗೆಯೇ. ಉರಿದು ಉಳಿದ ಮಸಿಯನ್ನು ಒಂದೆಡೆ ಗಡ್ಡೆಕಟ್ಟದಂತೆ ತನ್ನೊಳಗೆ ಚದುರಿಸಿ ಹಿಡಿದಿಡಲು ಅದರಲ್ಲಿ ಮದ್ದು ಬೆರೆಸಿರುತ್ತಾರೆ. ಹಾಕಿದ ಕೆಲವೇ ದಿನದಲ್ಲಿ ಕಪ್ಪಾಗುವುದು ಸಹಜ. ಆದರೆ ಡಸ್ಟರಿನಲ್ಲಿ ಸೀಮೆಸುಣ್ಣ ತುಂಬಿ ತುಳುಕಿದರೆ ಅದು ಬೋರ್ಡಿಗೇ ಮತ್ತೆ ಬಳಿಯುತ್ತದೆ ನೋಡಿ? ಆಯಿಲಿನ ಮದ್ದೂ ಹಾಗೆ ಒಂದು ದಿನ ಮುಗಿಯುತ್ತದೆ. ಆ ದಿನ ಯಾವುದೆಂದು ಬಣ್ಣ ಹೇಳುವುದಿಲ್ಲ. ಬಣ್ಣ ನೋಡಿ ಹೆದರಬೇಕಾದ್ದು ಒಂದೇ ಸಂದರ್ಭದಲ್ಲಿ: ಹಾಲು ಬೆರೆಸಿದ ಕಾಫಿಯಂತಾದರೆ! ನೀರು ಸೇರಿರಬಹುದು. ಆಗ ಓಡಿಸದೇ ತೋರಿಸಿ.

ಎರಡನೆಯದು: “ಕಿಲೋಮೀಟರ್ ಲೆಕ್ಕ ಸಾಕು.” ಸಾಲದು! ಏಳನೇ ತರಗತಿಯ ಲೆಕ್ಕ ಮಾಡೋಣ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗ, ಎಂಜಿನ್ ನಿಮಿಷಕ್ಕೆ 2,000 ಸುತ್ತು ಎಂದಿಟ್ಟುಕೊಳ್ಳಿ. ಒಂದು ಕಿ.ಮೀ.ಗೆ ಒಂದು ನಿಮಿಷ, ಅಂದರೆ 2,000 ಸುತ್ತು. ಈಗ ಘಾಟಿ. ಸೆಕೆಂಡ್ ಗೇರು, ಗಂಟೆಗೆ 20 ಕಿ.ಮೀ., ನಿಮಿಷಕ್ಕೆ 2,500 ಸುತ್ತು. ಒಂದು ಕಿ.ಮೀ.ಗೆ ಮೂರು ನಿಮಿಷ, ಅಂದರೆ 7,500 ಸುತ್ತು! ಮೀಟರಿನಲ್ಲಿ ಎರಡೂ ಒಂದೇ ಕಿಲೋಮೀಟರ್. ಇಳಿಯುವಾಗ ಭಾರವಿಲ್ಲ ನಿಜ, ಆದರೆ ಏಳು ಸಾವಿರ ಅಡಿ ಎತ್ತರದ ಕೊಡೈಕೆನಾಲಿಗೆ ಭಾರ ಹೊತ್ತು ಹತ್ತುವಾಗಿನ ಕಾವು ಮೀಟರಿಗೆ ಹೇಗೆ ಗೊತ್ತಾಗಬೇಕು? ನಮ್ಮ ರೈತರಿಗೆ ಈ ವಿವೇಕ ಮೊದಲೇ ಇದೆ. ಟ್ರಾಕ್ಟರಿನ ಆಯಿಲನ್ನು ಗಂಟೆಯ ಲೆಕ್ಕದಲ್ಲಿ ಬದಲಿಸುತ್ತಾರೆ, ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ.

ಮೂರನೆಯದು: “ಓಡಿಸಿಯೇ ಇಲ್ಲ, ಆಯಿಲ್ ಹೊಸದೇ.” ಮನೆಯಿಂದ ಅಂಗಡಿಗೆ ಒಂದು ಕಿ.ಮೀ. ಹೋಗಿ ಬರುವ ಬೈಕಿನ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗೆ ಸೇರಿದ ತೇವ, ಸುಡದ ಪೆಟ್ರೋಲು ಆವಿಯಾಗದೇ ಆಯಿಲಿನಲ್ಲೇ ಉಳಿಯುತ್ತವೆ. ಅದಕ್ಕೇ ಪುಸ್ತಕದಲ್ಲಿ ಕಿ.ಮೀ. ಜೊತೆಗೆ ತಿಂಗಳನ್ನೂ ಕೊಟ್ಟಿರುತ್ತಾರೆ. ಯಾವುದು ಮೊದಲೋ ಅದು.

ಹಾಗಾದರೆ ಮೆಕ್ಯಾನಿಕ್ ಕಳ್ಳನೇ? ಹಾಗನ್ನುವುದಿಲ್ಲ. ಅವನ ಮಾತಿನಲ್ಲೂ ನ್ಯಾಯವಿದೆ. ಬೇಗ ಬದಲಿಸಿದರೆ ಎಂಜಿನ್ನಿಗೆ ನಷ್ಟವಿಲ್ಲ. ಹಳೆ ಗಾಡಿ ಕೊಂಡರೆ ಹಿಂದಿನವನು ಏನು ಮಾಡಿದ್ದನೋ ಗೊತ್ತಿರುವುದಿಲ್ಲ, ಕೂಡಲೇ ಬದಲಿಸುವುದೇ ಜಾಣತನ. ಬೈಕುಗಳಲ್ಲಿ ಒಂದೇ ಆಯಿಲ್ ಎಂಜಿನ್, ಗೇರು, ಕ್ಲಚ್ಚು ಮೂರಕ್ಕೂ ದುಡಿಯುತ್ತದೆ, ಕಾರಿನ ಹತ್ತು ಸಾವಿರ ಅದಕ್ಕೆ ಹೊಂದುವುದಿಲ್ಲ. ಆದರೆ ದಿಂಬಂ ಹತ್ತುವವನಿಗೂ ಪೇಟೆಯಲ್ಲಿ ಹಾಲು ತರುವವನಿಗೂ ಒಂದೇ ಸ್ಟಿಕ್ಕರ್ ಅಂಟಿಸುವುದು, ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಅಂಗಿ ಹೊಲಿಸಿದಂತೆ. ಅಮೆರಿಕದಲ್ಲೂ ಹೀಗೇ ಬಹುಕಾಲ “3,000 ಮೈಲಿ” ಎಂಬ ಮಂತ್ರವಿತ್ತು. ಕೊನೆಗೆ ಕ್ಯಾಲಿಫೋರ್ನಿಯಾ ಸರ್ಕಾರವೇ ಮುಂದೆ ಬಂದು, ಮಂತ್ರ ಬಿಡಿ, ನಿಮ್ಮ ವಾಹನದ ಪುಸ್ತಕ ನೋಡಿ ಎಂದು ಪ್ರಚಾರ ಮಾಡಬೇಕಾಯಿತು.

ಸರ್ಕಾರಕ್ಕೆ ಯಾಕೆ ಈ ಉಸಾಬರಿ ಅಂತೀರಾ? ಬಸಿದ ಆಯಿಲ್ ಎಲ್ಲಿ ಹೋಗುತ್ತದೆ ಹೇಳಿ. ನಮ್ಮಲ್ಲಿ ಎಷ್ಟೋ ಕಡೆ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ. ನಮ್ಮ ದೇಶದ 2016ರ ನಿಯಮಗಳಲ್ಲಿ ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯವೆಂದೇ ಹೆಸರಿಸಿದೆ. ಅದನ್ನು ಸಂಗ್ರಹಿಸಿ ಶುದ್ಧೀಕರಿಸುವ ಹೊಣೆಯನ್ನು ಏಪ್ರಿಲ್ 2024ರಿಂದ ಆಯಿಲ್ ತಯಾರಕರ ಮೇಲೂ ಹಾಕಿದೆ. ನಾನು ದಂಡವಾಗಿ ಬದಲಿಸಿದ ಒಂದೊಂದು ಲೀಟರೂ ಯಾವ ಹಳ್ಳ ಸೇರಿತೋ!

ಈಗ ಹೇಳಿ, ಇದರಲ್ಲಿ ಯಾವುದು ಪಾಠವಲ್ಲ? ಘರ್ಷಣೆ ಪಾಠದಲ್ಲಿದೆ. ವೇಗ, ಕಾಲ, ದೂರ ಪಾಠದಲ್ಲಿದೆ. ಆವಿಯಾಗುವುದು, ಆಮ್ಲ, ಜಲಮಾಲಿನ್ಯ ಎಲ್ಲ ಪಾಠದಲ್ಲಿದೆ, ಅಚ್ಚಗನ್ನಡದಲ್ಲಿ! ಇಲ್ಲದ್ದು ಒಂದೇ, ವಾಹನದ ಜೊತೆ ಬರುವ ಪುಸ್ತಕ. ಲಕ್ಷ ರೂಪಾಯಿಯ ಗಾಡಿಯನ್ನು ಕನ್ನಡದಲ್ಲಿ ಹೊಗಳಿ ಮಾರುವವರಿಗೆ ನಾಲ್ಕು ಪುಟದ ನಿರ್ವಹಣೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಗಾಡಿಯ ಜೊತೆಗೂ ಇಡಲು ಏನು ರೋಗ? ಕೇಳಬೇಕಾದವರು ನಾವು. ನಾವು ಕೇಳುವುದಿಲ್ಲ, ಸ್ಟಿಕ್ಕರ್ ನಂಬುತ್ತೇವೆ.

ಕಂಪನಿಗಳು ಕೊಡುವ ತನಕ ಕಾಯಬೇಕಿಲ್ಲ. ಕಳೆದ ವಾರ ನನ್ನ ಏಳನೇ ತರಗತಿಯ ಮಕ್ಕಳು ಶಾಲೆಯ ವ್ಯಾನಿನ ಪುಸ್ತಕ ತಂದು, ನಿಘಂಟು ಇಟ್ಟುಕೊಂಡು, ಆ ಒಂದು ಪುಟವನ್ನು ಕನ್ನಡಕ್ಕೆ ಇಳಿಸಿದರು. ರಟ್ಟಿನ ಮೇಲೆ ಬರೆದು ಡ್ರೈವರ್ ಅಣ್ಣನ ಸೀಟಿನ ಪಕ್ಕ ಕಟ್ಟಿದ್ದಾರೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ ಕಡ್ಡಿ ತೆಗೆದು ಮಟ್ಟ ನೋಡುವುದು. ಬದಲಿಸಿದ ತಾರೀಖು, ಕಿ.ಮೀ. ಬರೆಯುವುದು. ಕಷ್ಟದ ದಾರಿಯ ಸಾಲನ್ನೇ ಪಾಲಿಸುವುದು. ವ್ಯಾನು ಒಂದು ತಿಂಗಳು ನಿಂತರೆ ಹಾಡಿಯ ಮಕ್ಕಳು ಒಂದು ತಿಂಗಳು ಶಾಲೆಗಿಲ್ಲ. ಹಾಗೆ ನಿಂತ ಹುಡುಗಿಯರಲ್ಲಿ ಕೆಲವರು ಮತ್ತೆ ಬರುವುದೇ ಇಲ್ಲ, ಅದನ್ನು ನಾನು ಕಂಡಿದ್ದೇನೆ.

ಅಂದು ನಕ್ಕ ಪಾಲಕರು ಮೊನ್ನೆ ಗೇಟಿನ ಹತ್ತಿರ ನಿಲ್ಲಿಸಿದರು. “ಮೇಷ್ಟ್ರೇ, ನನ್ನ ಬೈಕಿನ ಪುಸ್ತಕಾನೂ ಮಕ್ಕಳ ಕೈಲಿ ಬರೆಸಿಕೊಡ್ತೀರಾ?” ಅಂದರು. ಬರೆಸಿಕೊಡುತ್ತೇನೆ. ನಿಮ್ಮ ಶಾಲೆಯಲ್ಲೂ ಬರೆಸಿ ನೋಡಿ.