ಹಣ್ಣುನೊಣದ ಗುಪ್ತ ಪಾಲುದಾರ

ಹೊರಗೆ ಲಕ್ಷಣವಾಗಿ ಕಾಣುವ ಮಾವು ಹೆಚ್ಚಿದಾಗ ಹುಳುವಾಗಿರುವುದು ಶಿಕಾರಿಪುರ, ಸೊರಬದ ಹಣ್ಣಿನ ವರ್ತಕರಿಗೆ ಹೊಸ ಸಂಗತಿಯಲ್ಲ. ನಷ್ಟವನ್ನು ನೊಣದ ಲೆಕ್ಕಕ್ಕೆ ಬರೆಯುವುದು ರೂಢಿ. ಆದರೆ ಈ ವ್ಯವಹಾರದಲ್ಲಿ ಅದಕ್ಕೊಬ್ಬ ಪಾಲುದಾರನಿದ್ದಾನೆ. ನೊಣದ ಕರುಳಿನಲ್ಲಿ ಕ್ಲೆಬ್ಸಿಯೆಲ್ಲಾ, ಸಿಟ್ರೊಬ್ಯಾಕ್ಟರ್ ಮೊದಲಾದ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಮೊಟ್ಟೆಯೊಡನೆ ಅವೂ ಹಣ್ಣನ್ನು ಸೇರಿ, ತಿರುಳನ್ನು ಕೊಳೆಸಿ, ಮರಿಹುಳುಗಳ ಬೆಳವಣಿಗೆಗೆ ನೆರವಾಗುತ್ತವೆ. ಏಷ್ಯಾದ ಈ ನೊಣ 2003ರಲ್ಲಿ ಕೀನ್ಯಾದಲ್ಲಿ ಪತ್ತೆಯಾಗಿ, ಆಫ್ರಿಕಾದ ಬಹುಭಾಗಕ್ಕೆ ಹಬ್ಬಿತು. ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ಭಾರತದ ಮಾವನ್ನು ನಿಷೇಧಿಸಿದ್ದು ಹಣ್ಣುನೊಣದ ಕಾರಣಕ್ಕೇ. ನಿಷೇಧ ತೆರವಾದದ್ದು 2015ರಲ್ಲಿ.

ಮೀಥೈಲ್ ಯುಜಿನಾಲ್ ಮೋಹಕ ಬಲೆ ಉಪಯುಕ್ತವೇ ಸರಿ, ಆದರೆ ಅದಕ್ಕೆ ಬೀಳುವುದು ಗಂಡು ನೊಣ. ಮೊಟ್ಟೆಯಿಡುವ ಹೆಣ್ಣನ್ನು ಸೆಳೆಯುವುದು ಪ್ರೋಟೀನಿನ ಹಾಗೂ ಬ್ಯಾಕ್ಟೀರಿಯಾಗಳ ವಾಸನೆ. ಅಂಥ ಆಮಿಷದ ತಯಾರಿಕೆಯತ್ತ ಸಣ್ಣ ಉದ್ಯಮಿಗಳು ಗಮನ ಹರಿಸಬಹುದು. ಅದಕ್ಕೂ ಮೊದಲು ಮಂಡಿಯ ಹಿಂದೆ ಕೊಳೆತ ಹಣ್ಣು ಸುರಿಯುವುದು ನಿಲ್ಲಬೇಕು. ಹುಳುಗಳು ಅಲ್ಲಿಯೇ ಮಣ್ಣಿಗಿಳಿದು ಕೋಶವಾಗಿ, ನೊಣವಾಗಿ ತೋಟಕ್ಕೆ ಮರಳುತ್ತವೆ. ಅದನ್ನು ಆಳವಾಗಿ ಹೂಳುವ ಅಥವಾ ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗಿಡುವ ಕೂಲಿಯನ್ನು, ಹುಳುಕಿನ ಹೆಸರಿನಲ್ಲಿ ಬೆಳೆಗಾರನ ದರ ಮುರಿಯುವ ವರ್ತಕನೇ ಭರಿಸುವುದು ನ್ಯಾಯ.